ಅ ಬ ಬ ಅ

ಕುಂಡರ್ರಿ, ದಾವಲಸಾಬ.
ಆ ಕಟಗಿ ಸ್ಟೂಲ್ ಬ್ಯಾಡ, ಕೈಯಿದ್ದ ಖುರ್ಚಿ ಎಳಕೋರ್ರಿ.
ಅಂಗಿ ಗುಂಡಿ ಮೂರು ಬಿಚ್ಚಿದರ ಸಾಕು.
ಒಪ್ಪಿಗಿ ಕಾಗದಕ್ಕ ಸಹಿ ಮಾಡೋ ಮುಂದ
ನಾಕೂ ಪುಟ ಓದಿದವರು ನೀವೊಬ್ಬರ;
ಹುಡುಗರು ಕೊನೀ ಪುಟ ತಗದು ಗೀಚಿ ಹೋದರು.
"ಅಪಾಯ ಇಲ್ಲ ಅಂತ ಬರದೀರಿ, ಹೌದಲ್ಲೊ?" ಅಂತ ಕೇಳಿದ್ರಿ.
ನಾನೂ ಮತ್ತೊಮ್ಮೆ ಓದಿದೆ.

ಇಷ್ಟ ನೋಡ್ರಿ. ಸಾಸಿವಿ ಡಬ್ಬಿಯೊಳಗ ಬಿದ್ದರ ಸಿಗೂದಿಲ್ಲ.
ಎಂಟು ತಿಂಗಳ ಹಿಂದ ನಕಾಶಿ ಕಳಿಸಿದ್ದೆ.
ಸಮುದ್ರದಾಚೆ ಸುಟ್ಟು, ಕೊರದು, ನಲವತ್ತು ಬಂದಾವು.
ಹನ್ನೊಂದು ಸತ್ತಾವು,
ಒಂದು ನನ್ನ ಸೀನಿಗೆ ಹಾರಿ ಹೋತು.

ಎದಿ ಆಡೋ ಮಾತು ಭಾಳ ಸಣ್ಣದು:
ಒಂದು ವೋಲ್ಟಿನ ಸಾವಿರ ಪಾಲಿನಾಗ ಒಂದು ಪಾಲು.
ಅದರ ಸುತ್ತ ಹುಬ್ಬಳ್ಳಿ ಅನ್ನೋದೆಲ್ಲಾ ಗುಂಯ್‌ಗುಡತೈತಿ —
ಟ್ಯೂಬಲೈಟು, ಫ್ಯಾನು, ಕೆಳಗಿನ ಝೆರಾಕ್ಸ್ ಅಂಗಡಿ,
ಸೆಕೆಂಡಿಗೆ ಐವತ್ತು ಸಲ,
ನಿಮ್ಮ ಚರ್ಮದ ಮ್ಯಾಲ, ನನ್ನ ಬಳೀ ಮ್ಯಾಲ.
ಸಂತ್ಯಾಗ ಕೂಸು ಅತ್ತಂಗ; ತಾಯಿಗಷ್ಟ ಕೇಳತೈತಿ.
ಆ ಕಿವೀನ ನಾ ಇಪ್ಪತ್ತು ವರ್ಷದಿಂದ ಮಾಡಾಕ ಹತ್ತೀನಿ.

ಅದಕ್ಕ ಅವಳಿ ಟ್ರಾನ್ಸಿಸ್ಟರು ಬೇಕು, ಎರಡು.
ಎರಡಕ್ಕೂ ಕೇಳಿದ್ದನ್ನ ಕಳದು
ಉಳಿದದ್ದನ್ನಷ್ಟ ದೊಡ್ಡದು ಮಾಡಬೇಕು.
ಆದರ ಸಿಲಿಕಾನೂ ಒಂದು ಹೊಲಾನ; ಈ ಬದಿ ಎರಿ, ಆ ಬದಿ ಮಸಾರಿ.
ಹಂಗಾಗಿ ಇಬ್ಬರನ್ನೂ ತುಂಡು ಮಾಡಿ
ಅದಲಬದಲ ಕುಂಡರಸೂದು,
ಇಬ್ಬರ ಪಾಲಿಗೂ ಎರೀನೂ ಬರಲಿ, ಮಸಾರೀನೂ ಬರಲಿ ಅಂತ:
ಅ ಬ ಬ ಅ.
ಬೋರ್ಡ್ ಒರಸೋ ಮುಂದ ಓದಿ ನಕ್ಕಿದ್ರಿ ನೀವು,
"ಅಬ್ಬಾ ಅಂತ ಬರದೀರಲ್ರೀ ಮೇಡಂ, ಯಾಕ, ಸುಸ್ತಾತೇನು?"
ಹೌದ್ರಿ. ಸುಸ್ತಾಗಿತ್ತು.

ಲ್ಯಾಬಿನ ಉದ್ಘಾಟನಾಕ್ಕ ಬಂದವರೊಬ್ಬರು ಪರದೆ ನೋಡಿ
"ಥೇಟ್ ಕಸೂತಿ!" ಅಂದಿದ್ದರು. ಎಲ್ಲಾರೂ ಚಪ್ಪಾಳಿ ಹೊಡದರು.
ನಮ್ಮವ್ವ ಕಸೂತಿ ಹಾಕತಿದ್ದಳು, ನನಗ ಗೊತ್ತು,
ತಪ್ಪಿದರ ದಾರ ಬಿಚ್ಚಬಹುದು.
ಇಲ್ಲಿ ತಪ್ಪಿದರ ಎಂಟು ತಿಂಗಳು.

ಕೈ ಬಿಗೀ ಹಿಡೀಬ್ಯಾಡ್ರಿ. ಬಲಗಾಲಿಗೆ ಇದೊಂದು ಪಟ್ಟಿ.
ಮೈಗೆ ಹತ್ತಿದ ಗದ್ದಲಾನ ತಿರುವಿ, ತಲಿಕೆಳಗ ಮಾಡಿ
ನಿಮಗ ವಾಪಸ್ ಕೊಡತೈತಿ. ಒಂದಕ್ಕೊಂದು ವಜಾ.
"ರೈಲ್ವೆ ವರ್ಕ್‌ಶಾಪಿನ ಗ್ವಾಡಿಗೆ ಹತ್ತಿ ಐವತ್ತು ವರ್ಷ ಇದ್ದೇನ್ರಿ,
ಆ ಸದ್ದೂ ತಗೀತೈತೇನು?"
ಇಲ್ರಿ. ಅದು ನಿಮ್ಮದ.

ಬಂತು. ನೋಡ್ರಿ, ಗೆರಿ.
ಅಂಚಿಗೆ ಇನ್ನಾ ಜುಂ ಅನ್ನತೈತಿ, ಆದರೂ ಬಂತು:
ಸಣ್ಣ ದಿಬ್ಬ, ಚೂಪು ತುದಿ, ಹಿಂದೊಂದು ಗುಡ್ಡ.
ಎಷ್ಟು ಚೆಂದ... ತಡೀರಿ.
ಒಂಬತ್ತು ಬಡಿತ ಆದಮ್ಯಾಲ ಹತ್ತನೇದ್ದು
ಪಾಳೇ ಮುರದು ಮುಂದ ನುಗ್ಗೇತಿ, ಅಗಲಾಗೇತಿ.
ಆಮ್ಯಾಲೊಂದು ಖಾಲಿ ಜಾಗ.
ಮತ್ತ ಬಂತು.
ಮತ್ತ.

ತಂತಿ ಸಡಲಿರಬೇಕು. ಪಟ್ಟಿ ಬೆವತಿರಬೇಕು.
ಬ ಸೋತಿರಬೇಕು ಅ-ದ ಮುಂದ.
ಇಪ್ಪತ್ತು ವರ್ಷದಾಗ ಮೊದಲನೇ ಸಲ
ನನ್ನ ಚಿಪ್ ಕೆಟ್ಟಿರಲಿ ಅಂತ ಬೇಡಾಕ ಹತ್ತೀನಿ.

ಕರೆಂಟ್ ಹೋತು.
ಫ್ಯಾನು ನಿಂತು, ಝೆರಾಕ್ಸ್ ನಿಂತು,
ಇಡೀ ವಿದ್ಯಾನಗರ "ಛೇ" ಅಂತು.
ಬ್ಯಾಟರಿ ಮ್ಯಾಲ ಗೆರಿಯೊಂದ ಉಳೀತು, ತೊಳದಿಟ್ಟಂಗ.
ಹತ್ತನೇದ್ದು ಅಲ್ಲೇ ಇತ್ತು.

ನಾ ಡಾಕ್ಟರ್ ಅಂದರ ಕಾಗದದ ಡಾಕ್ಟರ್ರಿ, ದಾವಲಸಾಬ.
ಇದು ದೊಡ್ಡದೋ ಸಣ್ಣದೋ ನನಗ ಹೇಳಾಕ ಬರೂದಿಲ್ಲ.
ಏಳ್ರಿ, ದವಾಖಾನಿಗೆ ಹೋಗೂಣು. ಈಗ. ನಾನೂ ಬರತೀನಿ.

"ಎದಿ ಇರಲಿ ಬಿಡ್ರಿ," ಅಂದ್ರಿ ಗುಂಡಿ ಹಾಕ್ಕೋತ,
"ಚಿಪ್ ಓಡತೈತಿಲ್ಲೋ? ಅದನ್ನ ಹೇಳ್ರಿ ಮದಲ."

ಓಡತೈತ್ರಿ.
ಕೀಲಿ ನಾ ಹಾಕತೀನಿ.
ನೀವು ಮೆಟ್ಟಲ ನಿಧಾನ ಇಳೀರಿ.